ಎರಡು ಬೆರಳು ಹೆಚ್ಚು

ಹರಿಹರದ ಹೊರಗೆ ಒಂದು ಬಾಡಿಗೆ ಶೆಡ್ಡಿನಲ್ಲಿ ನಾನು ಮಕ್ಕಳಿಗಾಗಿ ಪಂಪು ತಯಾರಿಸುತ್ತೇನೆ. ಹೃದಯ ಸೋತ ಮಗುವಿಗೆ ಬದಲಿ ಹೃದಯ ಸಿಗುವವರೆಗೆ ರಕ್ತ ತಳ್ಳುವ ಯಂತ್ರ ಅದು. ನನ್ನದು ಇನ್ನೂ ನೀರನ್ನಷ್ಟೇ ತಳ್ಳುತ್ತಿದೆ. ದಿನವಿಡೀ ಅದರ ಗುಂಯ್ ಎನ್ನುವ ಸದ್ದು ಬಿಟ್ಟರೆ ಬೇರೆ ಮಾತಿಲ್ಲ. ಚಹಾದವನು ಒಮ್ಮೆ, "ಏನ್ರಿ, ಬೋರ್‌ವೆಲ್ ಮೋಟ್ರಾ?" ಎಂದ. ಹೌದೆಂದೆ.

ಪಂಪು ಹೊಟ್ಟೆಯ ಮೇಲೆ, ಮೈಯ ಹೊರಗೆ ಕೂರುತ್ತದೆ. ಅದನ್ನು ಹಿಡಿದಿಡುವ ಅಂಗಿಗೆ ಒಂದು ಮಗುವಿನ ಅಳತೆ ಬೇಕಿತ್ತು. ದಾವಣಗೆರೆಯ ವೈದ್ಯರೊಬ್ಬರು ಆವರಗೆರೆಯ ಆರು ವರ್ಷದ ಹೃದ್ರೋಗಿ ಹುಡುಗಿಯ ಮನೆಗೆ ನನ್ನನ್ನು ಕಳಿಸಿದರು. ತಾಯಿ ಮನೆಯಲ್ಲೇ ಬಟ್ಟೆ ಹೊಲಿಯುವವರು. ಪರೀಕ್ಷೆ ಮುಗಿಯುವವರೆಗೆ ಈ ಪಂಪನ್ನು ಯಾವ ಮಗುವಿಗೂ ಹಾಕುವಂತಿಲ್ಲ, ನಿಮ್ಮ ಮಗಳಿಗೂ ಕೂಡ, ಎಂದು ಮೊದಲೇ ಹೇಳಿದೆ. ಅವರು ತಲೆಯಾಡಿಸಿದರು.

ಹುಡುಗಿ ದಣಿದು ಚಾಪೆಯ ಮೇಲೆ ಮಲಗಿದ್ದಳು. ನಾನು ಟೇಪು ತೆಗೆದೆ.

"ಬ್ಯಾಡ್ರಿ," ತಾಯಿ ತಡೆದರು. "ಮಲಗಿದ ಕೂಸಿನ ಅಳತಿ ತಗೀಬಾರ್ದು, ಅಪಶಕುನ."

"ಹಂಗಾದ್ರೆ ಎದ್ದು ಕೂಡ್ಲಿ."

"ಎದ್ದು ಕೂಡಂಗಿದ್ರೆ ನೀವ್ಯಾಕ ಬರ್ತಿದ್ರಿ?"

ಹುಡುಗಿ ನಕ್ಕಳು. ಅವಳ ಫ್ರಾಕಿನ ಅಳತೆ ಇಟ್ಟುಕೊಂಡು ತಾಯಿಯೇ ಅಂಗಿ ಹೊಲಿದರು.

ಮುಂದಿನ ವಾರ ಒಳಗೆ ಯಂತ್ರವಿಲ್ಲದ ಪಂಪಿನ ಚಿಪ್ಪನ್ನಷ್ಟೇ ಇಟ್ಟು ಹುಡುಗಿಗೆ ಅಂಗಿ ತೊಡಿಸಿದೆವು. ಚಿಪ್ಪು ಜಾರಿ ಪಕ್ಕೆಗೆ ಹೋಯಿತು. ಅಂಗಿ ಎರಡು ಬೆರಳು ದೊಡ್ಡದಿತ್ತು.

"ಅಳತೆ ತಪ್ಪಿತೇನ್ರಿ?"

"ತಪ್ಪಿಲ್ರಿ. ಬೆಳೆಯೋ ಕೂಸೈತೆ, ಹೆಚ್ಚು ಹಿಡ್ದೀನಿ. ಬರೋ ವರ್ಷಕ್ಕೂ ಆಗ್ಬೇಕಲ್ಲ?"

ಪಂಪು ಜಾರಿದರೆ ಎದೆಗೆ ಹೋಗುವ ನಳಿಕೆ ಮಡಚಿಕೊಂಡು ರಕ್ತ ನಿಲ್ಲುತ್ತದೆ, ಅಂಗಿ ಇವತ್ತಿನ ಮೈಗೇ ಸರಿ ಹೊಂದಬೇಕು ಎಂದೆ. ಅವರು ಕತ್ತರಿ ಎತ್ತಿಕೊಂಡರು. ಮತ್ತೆ ಕೆಳಗಿಟ್ಟರು.

"ಕತ್ತರ್ಸಾದಿಲ್ರಿ. ಒಳಗ ಮಡಚಿ ಹೊಲೀತೀನಿ. ಆಮ್ಯಾಲೆ ಬಿಚ್ಬೋದು."

"ಯಾವಾಗ ಬಿಚ್ತೀಯಮ್ಮ?" ಹುಡುಗಿ ಕೇಳಿದಳು.

"ನೀ ದೊಡ್ಡಾಕಿ ಆದ್ಮ್ಯಾಲೆ." ತಾಯಿ ನನ್ನ ಕಡೆ ತಿರುಗಿದರು. "ಅಲ್ಲೇನ್ರಿ?"

ನನಗೆ ಗೊತ್ತಿದ್ದದ್ದು ಪಂಪಿನ ವಿಷಯ ಮಾತ್ರ, ಅದನ್ನು ಅವಳಿಗೆ ಹಾಕುವಂತಿಲ್ಲ ಎಂದು ಆಗಲೇ ಹೇಳಿಯಾಗಿತ್ತು. ಚಿಪ್ಪು ಹಿಡಿದುಕೊಂಡು ಕೂತೆ. ಅವರು ಹೊಲಿದು ಮುಗಿಸಿದರು.

ಅಂಗಿ ಈಗ ಸರಿಯಾಗಿ ಕೂತಿತು. ಆದರೆ ಒಳಗಿನ ಮಡಿಕೆ ದಪ್ಪವಾಗಿ, ಚಿಪ್ಪಿನ ಅಂಚಿಗೆ ಸಿಕ್ಕಿ ಅವಳ ಪಕ್ಕೆಯನ್ನು ಒತ್ತುತ್ತಿತ್ತು. ಮಡಿಕೆ ಕತ್ತರಿಸಿ ತೆಗೆಯಿರಿ ಎನ್ನಬಹುದಿತ್ತು.

ಹರಿಹರಕ್ಕೆ ಬಂದು ಪಂಪಿನ ನಕ್ಷೆ ತೆರೆದೆ. ಆ ಮಡಿಕೆಗೆ ಜಾಗ ಬಿಟ್ಟು ಪಂಪಿನ ಅಂಚನ್ನು ಹೊಸದಾಗಿ ಬರೆದೆ. ಯಾಕೆ ಎಂದು ಕೇಳುವವರು ಶೆಡ್ಡಿನಲ್ಲಿ ಯಾರೂ ಇರಲಿಲ್ಲ.