ಬಾಣ ತಿರುಗಿಸಿದ ಕೈ

2012ರಲ್ಲಿ ನಾನು ಖಾರಘರದ ಒಂದು ಶಾಲೆಯಲ್ಲಿ ಗ್ರೌಂಡ್ ಅಟೆಂಡೆಂಟ್ ಆಗಿದ್ದೆ. ಕೋರ್ಟ್ ಗುಡಿಸುವುದು, ಚೆಂಡುಗಳಿಗೆ ಗಾಳಿ ತುಂಬುವುದು, ಹರಿದ ಬಲೆ ಬದಲಾಯಿಸುವುದು ನನ್ನ ಕೆಲಸ. ಅದಕ್ಕೂ ಮೊದಲು ಅದೇ ಶಾಲೆಯ ಕ್ಯಾಂಟೀನಿನಲ್ಲಿ ಸೋದರಮಾವನ ಕೈಕೆಳಗೆ ಇಡ್ಲಿ ಬೇಯಿಸುತ್ತಿದ್ದೆ. ಓದಿದ್ದು ಏಳನೆಯ ತರಗತಿಯವರೆಗೆ, ಉಡುಪಿಯ ಕಡೆಯ ನಮ್ಮ ಊರಿನಲ್ಲಿ. ನನ್ನ ತಂಗಿ ವಿನಯಾ ಹಾಗಲ್ಲ. ನನಗಿಂತ ಹದಿನೈದು ವರ್ಷ ಚಿಕ್ಕವಳು, ತುರ್ಭೆಯ ನಮ್ಮ ಒಂದು ಕೋಣೆಯ ಖೋಲಿಯಲ್ಲೇ ಬೆಳೆದವಳು, ಆಗ ಅದೇ ಶಾಲೆಯಲ್ಲಿ ಒಂಬತ್ತನೆಯ ತರಗತಿಯಲ್ಲಿದ್ದಳು. ಮನೆಯಲ್ಲಿ ಏನು ಕೇಳಿದರೂ ಅರ್ಧ ಕನ್ನಡ, ಅರ್ಧ ಹಿಂದಿಯಲ್ಲಿ ಉತ್ತರ.

ವಿನಯಾಳಿಗೆ ಚಿಕ್ಕಂದಿನಿಂದ ಉಬ್ಬಸ. ಎರಡು ಸುತ್ತು ಓಡಿದರೆ ಎದೆ ಸುಯ್ಗುಡುತ್ತಿತ್ತು. ಆದರೆ ಬಾಸ್ಕೆಟ್‌ಬಾಲ್ ಹುಚ್ಚು ಬಿಡದು. ಶಾಲೆ ಬಿಟ್ಟ ಮೇಲೆ ಕಟ್ಟೆಯ ಮೇಲೆ ಕೂತು ನೋಡುತ್ತಲೇ ಇರುತ್ತಿದ್ದಳು. ಅದನ್ನು ಗಮನಿಸಿದ ನಮ್ಮ ಕ್ರೀಡಾ ಶಿಕ್ಷಕಿ ಪವಾರ್ ಮೇಡಂ ಒಂದು ದಿನ ಅವಳ ಕಿವಿ ಹಿಡಿದು ಎಬ್ಬಿಸಿದರು.

“ಖೇಳತಾ ಯೇತ್ ನಾಹೀ ನಾ? ಮಗ್ ಖೇಳ್ ಸಾಂಭಾಳ್!”

ಆಡಲಾಗದಿದ್ದರೆ ಆಟವನ್ನು ನೋಡಿಕೋ ಎಂದು ಅರ್ಥ. ಹಾಗೆ ಅವಳು ಅಂಕ ಬರೆಯುವ ಸ್ಕೋರರ್ ಟೇಬಲ್ಲಿಗೆ ಬಂದಳು. ಗಡಿಯಾರ ಒತ್ತಲು ಗಮನ ಚದುರದ ಒಬ್ಬರು ಬೇಕೆಂದು ಮೇಡಂ ನನ್ನನ್ನೂ ಅಲ್ಲೇ ಕೂರಿಸಿದರು. ಅವಳು ಸ್ಕೋರರ್, ನಾನು ಟೈಮ್‌ಕೀಪರ್. ಶಾಲೆಗಳ ಪಂದ್ಯದಲ್ಲಿ ಆತಿಥೇಯ ಶಾಲೆಯವರೇ ಟೇಬಲ್ ನಡೆಸುವುದು ನಮ್ಮ ಕಡೆಯ ರೂಢಿ. ಅವರ ಪ್ರಾಮಾಣಿಕತೆಯ ಮೇಲೆ ಎರಡೂ ಶಾಲೆಗಳಿಗೆ ನಂಬಿಕೆ ಇರಬೇಕು, ಅಷ್ಟೇ.

ಆ ಟೇಬಲ್ಲಿನ ಮೇಲೆ ಒಂದು ಬಾಣ ಇರುತ್ತದೆ. ನಮ್ಮದನ್ನು ಕ್ಯಾಂಟೀನಿನ ಎಣ್ಣೆ ಡಬ್ಬದ ತಗಡಿನಿಂದ ನಾನೇ ಕತ್ತರಿಸಿ ಕೆಂಪು ಬಣ್ಣ ಬಳಿದಿದ್ದೆ. ಇಬ್ಬರು ಆಟಗಾರರು ಒಂದೇ ಚೆಂಡನ್ನು ಹಿಡಿದು ಎಳೆದಾಡಿದರೆ ಅದು ಹೆಲ್ಡ್ ಬಾಲ್. ಆಗ ಚೆಂಡು ಯಾರಿಗೆ ಎಂಬುದನ್ನು ಬಾಣ ಹೇಳುತ್ತದೆ. ಒಂದು ಸಲ ಒಂದು ತಂಡಕ್ಕೆ ಕೊಟ್ಟ ಮೇಲೆ ಬಾಣವನ್ನು ಇನ್ನೊಂದು ತಂಡದ ಕಡೆ ತಿರುಗಿಸಬೇಕು. ಎರಡನೆಯ ಕ್ವಾರ್ಟರಿನಿಂದ ಮುಂದೆ ಪ್ರತಿ ಕ್ವಾರ್ಟರ್ ಶುರುವಾಗುವುದೂ ಬಾಣ ತೋರಿಸಿದ ತಂಡದಿಂದಲೇ. ಚೆಂಡು ಒಳಗೆ ಬಂದೊಡನೆ ಬಾಣ ತಿರುಗಬೇಕು. ತಿರುಗಿಸುವುದು ಸ್ಕೋರರ್ ಕೈ ಮಾತ್ರ. ವಿನಯಾ ತಿರುಗಿಸುವಾಗಲೆಲ್ಲ “ಆ್ಯರೋ!” ಎಂದು ಕೂಗುತ್ತಿದ್ದಳು, ನಾನು “ಹೂಂ” ಎನ್ನಬೇಕಿತ್ತು.

ಆ ಡಿಸೆಂಬರಿನಲ್ಲಿ ಅಂತರಶಾಲಾ ಪಂದ್ಯಾವಳಿಯ ಹುಡುಗಿಯರ ಸೆಮಿಫೈನಲ್ ನಮ್ಮ ಕೋರ್ಟಿನಲ್ಲಿ ನಡೆಯಿತು. ಎದುರಾಳಿ ಡೊಂಬಿವಲಿಯ ಒಂದು ಶಾಲೆ. ನಾಲ್ಕನೆಯ ಕ್ವಾರ್ಟರ್ ನಮ್ಮ ಹುಡುಗಿಯರ ಚೆಂಡಿನಿಂದ ಶುರುವಾಯಿತು. ಚೆಂಡು ಆಟಗಾರ್ತಿಯ ಕೈಗೆ ತಾಗುವ ಕ್ಷಣಕ್ಕೆ ಗಡಿಯಾರ ಒತ್ತಬೇಕಾದ್ದರಿಂದ ನನ್ನ ಕಣ್ಣು ಅಲ್ಲಿತ್ತು. ಮಕ್ಕಳ ಗದ್ದಲದಲ್ಲಿ ತಂಗಿಯ ಕೂಗು ನನಗೆ ಕೇಳಲಿಲ್ಲ. ಗಡಿಯಾರ ಒತ್ತಿ ಬಾಣದತ್ತ ನೋಡಿದೆ. ಹುಡುಗಿ ತಿರುಗಿಸಲು ಮರೆತಿದ್ದಾಳೆ ಅನ್ನಿಸಿತು. ಅದು ಮೊದಲು ಯಾವ ಕಡೆಗಿತ್ತು ಎಂದು ನಾನು ಯೋಚಿಸಲೇ ಇಲ್ಲ. ಮನೆಯಲ್ಲಿ ಅವಳು ಗ್ಯಾಸ್ ಆರಿಸಿದ್ದಾಳೋ ಇಲ್ಲವೋ ಎಂದು ಹಿಂದಿನಿಂದ ಹೋಗಿ ನೋಡುವವನು ನಾನು. ಅದೇ ಅಭ್ಯಾಸದಲ್ಲಿ ಕೈ ಚಾಚಿ ಬಾಣವನ್ನು ತಿರುಗಿಸಿಬಿಟ್ಟೆ. ಅವಳು ತಲೆ ಬಗ್ಗಿಸಿ ಬರೆಯುತ್ತಿದ್ದಳು. ಅವಳ ಮರ್ಯಾದೆ ಉಳಿಸಿದೆ ಎಂದು ನನಗೆ ಒಳಗೊಳಗೇ ಖುಷಿ.

ಕೊನೆಯ ನಿಮಿಷದಲ್ಲಿ ಡೊಂಬಿವಲಿಯವರು ಒಂದು ಪಾಯಿಂಟ್ ಮುಂದಿದ್ದರು. ಆಗ ಆ ಕ್ವಾರ್ಟರಿನ ಮೊದಲ ಹೆಲ್ಡ್ ಬಾಲ್ ಆಯಿತು. ಬಾಣ ನಮ್ಮ ಶಾಲೆಯ ಕಡೆ ತೋರಿಸುತ್ತಿತ್ತು. ಡೊಂಬಿವಲಿಯ ಕೋಚ್, ಕ್ವಾರ್ಟರ್ ಇವರಿಂದ ಶುರುವಾಗಿತ್ತು, ಈಗ ಬಾಣ ನಮ್ಮದಾಗಬೇಕು ಎನ್ನುತ್ತ ಓಡಿಬಂದರು.

“ಸರ್, ಕ್ವಾರ್ಟರ್ ಇನ್‌ಕಾ ಥಾ! ಅಬ್ ಆ್ಯರೋ ಹಮಾರಾ ಹೋನಾ ಚಾಹಿಯೇ!”

ಬಾಣ ತಿರುಗಿಸಿದ್ದೆಯಾ ಎಂದು ರೆಫರಿ ಟೇಬಲ್ಲಿನ ಮೇಲೆ ಕೈ ಊರಿ ವಿನಯಾಳನ್ನು ಕೇಳಿದರು, “ಬೇಟಾ, ಘುಮಾಯಾ ಥಾ?”

“ಘುಮಾಯಾ ಥಾ ಸರ್. ಏಕ್ ಬಾರ್.” ತಿರುಗಿಸಿದ್ದೆ, ಒಂದೇ ಸಲ ಎಂದವಳು ಬಾಣವನ್ನು ನೋಡಿ ಬಿಳಿಚಿಕೊಂಡಳು. ನನ್ನ ಕಡೆ ತಿರುಗಿ, “ಅಣ್ಣ, ನೀನು ನೋಡಿದ್ದಿ ಅಲ್ವಾ?” ಎಂದಳು.

ಚೆಂಡು ಇನ್ನೂ ಹೊರಗೇ ಇತ್ತು. ಅದು ಒಳಗೆ ಬಂದು ಆಟಗಾರ್ತಿಯ ಕೈಗೆ ತಾಗುವ ತನಕ ತಪ್ಪನ್ನು ಸರಿಪಡಿಸಬಹುದು ಎಂಬ ನಿಯಮ ನನಗೆ ಗೊತ್ತಿತ್ತು. ಅವಳು ಸರಿಯಾಗಿ ತಿರುಗಿಸಿದ್ದ ಬಾಣವನ್ನೇ ನನ್ನ ಕೈ ಮರಳಿ ನಮ್ಮ ಕಡೆ ತಿರುಗಿಸಿತ್ತು ಎಂಬುದೂ ಆ ಹೊತ್ತಿಗೆ ಹೊಳೆದಿತ್ತು. ಕಟ್ಟೆಯ ಮೇಲೆ ಪ್ರಿನ್ಸಿಪಾಲರು ಕೂತಿದ್ದರು. ನನ್ನ ಕೆಲಸ ವರ್ಷ ವರ್ಷದ ಕರಾರಿನದು.

“ನಾನು ಕ್ಲಾಕ್ ನೋಡ್ತಿದ್ದೆ,” ಎಂದೆ.

ಆ ಮಾತಿನಲ್ಲಿ ಸುಳ್ಳಿರಲಿಲ್ಲ. ಅದಕ್ಕೇ ಅದು ಇನ್ನೂ ಚುಚ್ಚುತ್ತದೆ. ವಿನಯಾ ತಲೆ ತಗ್ಗಿಸಿ, “ಪತಾ ನಹೀ ಸರ್,” ಗೊತ್ತಿಲ್ಲ ಎಂದಳು. ರೆಫರಿ ಬಾಣ ತೋರಿಸಿದಂತೆ ನಮಗೆ ಚೆಂಡು ಕೊಟ್ಟರು. ನಮ್ಮವರು ಬುಟ್ಟಿಗೆ ಹಾಕಿದರು. ಒಂದು ಪಾಯಿಂಟಿನಿಂದ ಗೆದ್ದೆವು.

ಹೊರಡುವಾಗ ಎದುರಾಳಿ ಕಡೆಯ ಪಾಲಕರೊಬ್ಬರು ಎಲ್ಲರಿಗೂ ಕೇಳುವಂತೆ, “ಅಪ್ನೇ ಸ್ಕೂಲ್ ಕೇ ಲಿಯೇ ಘುಮಾ ದಿಯಾ ಲಡ್ಕೀ ನೇ,” ಎಂದರು, ಹುಡುಗಿ ತನ್ನ ಶಾಲೆಗಾಗಿ ಬಾಣ ತಿರುಗಿಸಿದಳು ಎಂದು. ಅದಕ್ಕಿಂತ ಕೆಟ್ಟದ್ದು ನಮ್ಮ ತಂಡದ ಹುಡುಗಿಯರದು. ಅವರು ವಿನಯಾಳನ್ನು ಅಪ್ಪಿಕೊಂಡು, “ಥ್ಯಾಂಕ್ ಯೂ ವಿನ್ನಿ, ಮಸ್ತ್ ಘುಮಾಯಾ!” ಎಂದು ಕುಣಿದರು. ಮೋಸ ಮಾಡಿದ್ದಕ್ಕೆ ಕೃತಜ್ಞತೆ! ಮಾತು ತಣ್ಣಗಾಗುವ ತನಕ ವಿನಯಾ ಟೇಬಲ್ಲಿಗೆ ಬರುವುದು ಬೇಡ ಎಂದು ಮೇಡಂ ಹೇಳಿದರು. ಫೈನಲ್ಲಿನಲ್ಲಿ ನನ್ನ ಪಕ್ಕ ಬೇರೆ ಹುಡುಗ ಕೂತ. ನಮ್ಮ ಶಾಲೆ ಸೋತಿತು. ನನಗೆ ಸ್ವಲ್ಪ ಹಗುರವೆನಿಸಿದ್ದು ನಿಜ.

ವಿನಯಾ ನನ್ನನ್ನು ಒಮ್ಮೆಯೂ ಸಂಶಯಪಡಲಿಲ್ಲ. ಅವಳು ಸಂಶಯಪಟ್ಟದ್ದು ತನ್ನನ್ನೇ. ಬಾಗಿಲಿಗೆ ಬೀಗ ಹಾಕಿ ನಾಲ್ಕು ಮೆಟ್ಟಿಲು ಇಳಿದು, ಮತ್ತೆ ಹತ್ತಿ ಬಂದು ಎಳೆದು ನೋಡುತ್ತಿದ್ದಳು. ಒಂದು ಸಂಜೆ ಖಾರಘರದಿಂದ ಠಾಣೆ ಗಾಡಿಯಲ್ಲಿ ಮನೆಗೆ ಬರುವಾಗ ಕೇಳಿದಳು:

“ಅಣ್ಣ, ಎರಡ್ನೇ ಸಲ ತಿರುಗಿಸಿದ್ದು ನಂಗೆ ನೆನಪೇ ಇಲ್ಲ. ಮೈ ಪಾಗಲ್ ಹೋ ರಹೀ ಹೂಂ ಕ್ಯಾ?”

ಅವಳ ಹೆಸರು ಹೋದದ್ದನ್ನು ನಾನು ಹೇಗೋ ಸಹಿಸಿಕೊಂಡಿದ್ದೆ. ತನಗೆ ಹುಚ್ಚು ಹಿಡಿಯುತ್ತಿದೆಯೇ ಎಂದು ಅವಳು ಕೇಳಿದ್ದನ್ನು ಸಹಿಸಲಾಗಲಿಲ್ಲ. ಅಲ್ಲೇ, ಬಾಗಿಲ ಕಂಬ ಹಿಡಿದು ನಿಂತಲ್ಲೇ ಹೇಳಿಬಿಟ್ಟೆ. ನೆರೂಳ್ ಹೋಯಿತು, ಜುಯಿನಗರ ಹೋಯಿತು. ತುರ್ಭೆಯಲ್ಲಿ ಇಳಿದ ಮೇಲೆ ಅವಳು ನನ್ನ ಕಡೆ ತಿರುಗಿದಳು.

“ಮರ್ತಿದ್ದೇನೆ ಅಂತ ಅನ್ನಿಸಿದ್ರೆ ಕೇಳ್ಲಿಕ್ಕೆ ಎಂತ ಆಗಿತ್ತು ನಿಂಗೆ? ಬಗಲ್ ಮೇ ತೋ ಬೈಠೀ ಥೀ, ಪಕ್ಕದಲ್ಲೇ!”

“ತಪ್ಪಾಯ್ತು ವಿನ್ನಿ.”

“ನಂಗಲ್ಲ. ಮೇಡಂಗೆ ಹೇಳು. ಆ ಡೊಂಬಿವಲಿ ಹುಡ್ಗೀರಿಗೂ ಹೇಳು. ನಾನೂ ಬರ್ತೇನೆ.”

ಮರುದಿನ ಮೇಡಂಗೆ ಹೇಳಿದೆ. ನನ್ನ ಕೆಲಸ ಹೋಗುತ್ತದೆಯೇ ಎಂದು ಕೇಳಿದಾಗ ಅವರು ಕಣ್ಣು ಕೆಂಪಗೆ ಮಾಡಿದರು. “ನೋಕರೀಚಂ ನಂತರ್ ಬಘೂ. ಆಧೀ ತಿಚಂ ನಾವ್!” ಕೆಲಸದ ಮಾತು ಆಮೇಲೆ, ಮೊದಲು ಅವಳ ಹೆಸರು. ಬೆಳಗಿನ ಪ್ರಾರ್ಥನೆಯ ಹೊತ್ತಿಗೆ ಮೈಕ್ ನನ್ನ ಕೈಗೆ ಕೊಟ್ಟರು. ಇಡೀ ಶಾಲೆಯ ಮುಂದೆ ನನ್ನ ಮುರುಕು ಹಿಂದಿಯಲ್ಲಿ ಹೇಳಿದೆ. ಪಂದ್ಯಾವಳಿಯವರಿಗೂ ತಿಳಿಸಿದರು. ಫಲಿತಾಂಶ ಬದಲಾಗಲಿಲ್ಲ, ಮುಗಿದ ಪಂದ್ಯ ಮುಗಿದಂತೆಯೇ.

ಆ ಶನಿವಾರ ಮೇಡಂ, ವಿನಯಾ, ನಾನು ಮೂವರೂ ಡೊಂಬಿವಲಿಗೆ ಹೋದೆವು. ಹುಡುಗಿಯರು ಅಭ್ಯಾಸ ನಿಲ್ಲಿಸಿ ಸುತ್ತ ನಿಂತರು. ನಾನು ಹೇಳಿ ಮುಗಿಸಿದಾಗ ಕೋಚ್ ನಗಲಿಲ್ಲ. “ರೆಫರೀ ನೇ ಪೂಛಾ ಥಾ. ತಬ್ ಬೋಲ್ನಾ ಥಾ,” ಎಂದರಷ್ಟೇ. ರೆಫರಿ ಕೇಳಿದಾಗಲೇ ಹೇಳಬೇಕಿತ್ತು ಎಂದು ಅರ್ಥ. ಆದರೆ ಅವರ ಕ್ಯಾಪ್ಟನ್, ಎರಡು ಜಡೆಯ ಎತ್ತರದ ಹುಡುಗಿ, ಚೆಂಡನ್ನು ಸೊಂಟಕ್ಕೆ ಒತ್ತಿಕೊಂಡು ಹೇಳಿದಳು:

“ಜಾನೇ ದೋ ದಾದಾ. ಉಸ್ ದಿನ್ ಫ್ರೀ ಥ್ರೋ ಕಿತ್ನೇ ಛೋಡೇ ಹಮ್‌ನೇ! ಮೈನೇ ಅಕೇಲೀ ನೇ ಚಾರ್!”

ಹೋಗಲಿ ಬಿಡಿ, ಆ ದಿನ ತಾವೂ ಎಷ್ಟೋ ಫ್ರೀ ಥ್ರೋ ಕಳೆದುಕೊಂಡಿದ್ದೆವು, ತಾನೊಬ್ಬಳೇ ನಾಲ್ಕು ಎಂದದ್ದಕ್ಕೆ ಹುಡುಗಿಯರೆಲ್ಲ ನಕ್ಕರು. ಆಮೇಲೆ ಅವಳು ವಿನಯಾಳ ಕಡೆ ತಿರುಗಿ, ಮುಂದಿನ ವಾರ ಕಲ್ಯಾಣದವರ ಜೊತೆ ತಮ್ಮದೊಂದು ಪಂದ್ಯವಿದೆ, ಟೇಬಲ್ಲಿಗೆ ಕೂರಲು ಯಾರೂ ಒಪ್ಪುತ್ತಿಲ್ಲ, ಬರುತ್ತೀಯಾ ಎಂದು ಕೇಳಿದಳು. ವಿನಯಾ ಮೇಡಂ ಮುಖ ನೋಡಿದಳು, ಮೇಡಂ ಕೋಚ್ ಮುಖ ನೋಡಿದರು. ಕೋಚ್ ತಲೆಯಾಡಿಸಿದರು.

“ದಾದಾ ಕೋ ಭೀ ಲಾನಾ,” ಎಂದಳು ಕ್ಯಾಪ್ಟನ್. “ಲೇಕಿನ್ ಹಾಥ್ ಬಾಂಧ್ ಕೇ!”

ಅಣ್ಣನನ್ನೂ ಕರೆದುಕೊಂಡು ಬಾ, ಆದರೆ ಕೈ ಕಟ್ಟಿ ಎಂಬ ಮಾತಿಗೆ ಎಲ್ಲರಿಗಿಂತ ಜೋರಾಗಿ ನಕ್ಕವಳು ವಿನಯಾ. ನಕ್ಕು ನಕ್ಕು ಕೆಮ್ಮು ಬಂದು, ಜೇಬಿನಿಂದ ಉಬ್ಬಸದ ಪಂಪ್ ತೆಗೆದು ಎಳೆದುಕೊಂಡಳು.

ನನ್ನ ಕೆಲಸ ಉಳಿಯಿತು. ಮುಂದಿನ ವರ್ಷಗಳಲ್ಲಿ ಠಾಣೆ, ಕಲ್ಯಾಣ, ನವಿ ಮುಂಬಯಿಯ ಎಷ್ಟೋ ಶಾಲೆಗಳಲ್ಲಿ ನಾವಿಬ್ಬರೂ ಟೇಬಲ್ ನಡೆಸಿದೆವು. ಈಗ ಅವಳು ಹೊಸ ಮಕ್ಕಳಿಗೆ ಈ ಕೆಲಸ ಕಲಿಸುತ್ತಾಳೆ. ಆ ಮಕ್ಕಳಿಗೆ ನನ್ನ ಕಥೆಯನ್ನು ನಾನೇ ಹೇಳುತ್ತೇನೆ. ಪಕ್ಕದವರು ಮರೆತರು ಅನ್ನಿಸಿದರೆ ಬಾಯಿ ಬಿಟ್ಟು ಕೇಳಿ, ಕೈ ಹಾಕಬೇಡಿ. ಕೈ ಹಾಕಿಬಿಟ್ಟಿದ್ದರೆ ಚೆಂಡು ಒಳಗೆ ಬರುವ ಮೊದಲೇ ಹೇಳಿಬಿಡಿ. ಆಮೇಲೆ ಹೇಳಿದರೆ ಮನಸ್ಸು ಹಗುರವಾದೀತು, ಆಟ ಸರಿಹೋಗದು. ನನಗಾಗಿಯೇ ಉಳಿದ ಪಾಠ ಇನ್ನೊಂದಿದೆ. ಮನೆಯಲ್ಲಿ ವಿನಯಾ ನನ್ನ ಚಿಕ್ಕ ತಂಗಿ. ಟೇಬಲ್ಲಿನಲ್ಲಿ ಅವಳು ಸ್ಕೋರರ್.