ರೆಕ್ಕೆಯೊಳಗಿದ್ದ ಚಿಕ್ಕಮ್ಮ

ನಮ್ಮ ಚಿಕ್ಕಮ್ಮ ಒಮ್ಮೆಯೂ ವಿಮಾನದಲ್ಲಿ ಕೂತವಳಲ್ಲ. ಆದರೆ ವಿಮಾನದ ರೆಕ್ಕೆಯೊಳಗೆ ಅವಳು ಕಳೆದಷ್ಟು ಹೊತ್ತನ್ನು ಎಷ್ಟೋ ಪೈಲಟ್ಟುಗಳು ಆಕಾಶದಲ್ಲೂ ಕಳೆದಿರಲಾರರು.

ಯುದ್ಧವಿಮಾನಗಳನ್ನು ಬಿಚ್ಚಿ ರಿಪೇರಿ ಮಾಡುವ ಕಾರ್ಖಾನೆಯಲ್ಲಿ ಅವಳು ಇಪ್ಪತ್ತೊಂಬತ್ತು ವರ್ಷ ರಿವೆಟ್ ಹೊಡೆದಳು. ಸೇರಿದಾಗ ಹತ್ತೊಂಬತ್ತರ ಹುಡುಗಿ, ಐದಡಿಗೆ ಇನ್ನೂ ಎರಡು ಬೆರಳು ಕಡಿಮೆ. ರೆಕ್ಕೆಯ ಕೆಳಭಾಗದಲ್ಲಿ, ಬುಡದ ಹತ್ತಿರ, ಊಟದ ತಟ್ಟೆಗಿಂತ ತುಸು ದೊಡ್ಡದಾದ ಒಂದು ಕಿಂಡಿ ಇರುತ್ತಿತ್ತು. ಅದರೊಳಗೆ ಸೊಂಟದವರೆಗೆ ತೂರಿಕೊಂಡು, ಹೊರಗಿನವನು ಗನ್ನಿನಿಂದ ರಿವೆಟ್ ಹೊಡೆಯುವಾಗ ಒಳಗಿನಿಂದ ಕಬ್ಬಿಣದ ಗಟ್ಟಿಯೊಂದನ್ನು ಒತ್ತಿ ಹಿಡಿಯಬೇಕು. ಆ ಗಟ್ಟಿಗೆ ಬಡಿದು ರಿವೆಟ್ಟಿನ ಬಾಲ ಚಪ್ಪಟೆಯಾದಾಗಲೇ ಎರಡು ತಗಡುಗಳು ಕಚ್ಚಿಕೊಳ್ಳುವುದು. ಆ ಕಿಂಡಿಯಲ್ಲಿ ಹಿಡಿಸುತ್ತಿದ್ದವಳು ಇವಳೊಬ್ಬಳೇ. ಹಾಗಾಗಿ ಎಲ್ಲರೂ ಅವಳನ್ನು ‘ಇಲಿ’ ಎಂದರು. ಅವಳು ಬೇಜಾರು ಮಾಡಿಕೊಳ್ಳಲಿಲ್ಲ. “ನಾನು ಹೊಕ್ಕ ತೂತಲ್ಲಿ ನಿಮ್ಮ ತಲೆ ಹಿಡಿಸಲಿ ನೋಡೋಣ, ಆಮೇಲೆ ಏನು ಬೇಕಾದ್ರೂ ಕರೀರಿ” ಎನ್ನುತ್ತಿದ್ದಳಂತೆ. ನಾಲ್ಕು ವರ್ಷ ಆ ಗಟ್ಟಿ ಹಿಡಿದ ಮೇಲೆ ಗನ್ನು ಅವಳ ಕೈಗೆ ಬಂತು. ಅದರ ಸದ್ದಿಗೆ ಎಡಗಿವಿ ಅರ್ಧ ಹೋಯಿತು. ಅವಳು ಗುಟ್ಟು ಹೇಳಿದರೆ ಇಡೀ ಬೀದಿಗೆ ಕೇಳುತ್ತದೆ.

ಆ ಜೆಟ್ಟುಗಳೆಲ್ಲ ಗುಜರಿಗೆ ಹೋಗಿ ಹತ್ತು ವರ್ಷವಾದ ಮೇಲೆ ಕಾರ್ಖಾನೆಯ ತರಬೇತಿ ಶಾಲೆಗೆ ಹೊಸ ಕಟ್ಟಡ ಎದ್ದಿತು. ಅದರ ಮುಂದಿನ ಹಜಾರದಲ್ಲಿಡಲು ಹಳೆಯ ಜೆಟ್ಟಿನ ಮಾದರಿಯೊಂದು ಬೇಕಿತ್ತು, ಹತ್ತರಲ್ಲೊಂದು ಅಳತೆಯದು. ಶಾಲೆಯ ಪ್ರಿನ್ಸಿಪಾಲರು ನಕ್ಷೆಯ ಸುರುಳಿ ಹಿಡಿದು ನಮ್ಮ ಅಪ್ಪನ ಹತ್ತಿರ ಬಂದರು. ಅಪ್ಪ ಎರಕದ ಕಾರ್ಖಾನೆಗೆ ಮರದ ಅಚ್ಚು ಕೆತ್ತಿಕೊಡುತ್ತಿದ್ದವನು. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಊಟ ಬಿಟ್ಟು ಕೂರುವ ಮನುಷ್ಯ. ಹಿತ್ತಲಿನ ಶೆಡ್ಡಿನಲ್ಲಿ ನಾಲ್ಕು ತಿಂಗಳು ಕೂತು ಮೈ ಕೆತ್ತಿದ, ಬಾಲ ಕೆತ್ತಿದ, ರೆಕ್ಕೆ ಕೆತ್ತಿದ. ಎರಡು ಬೀದಿ ಆಚೆಗಿದ್ದ ಚಿಕ್ಕಮ್ಮನನ್ನು ಒಂದು ಮಾತು ಕೇಳಬೇಕೆಂದು ಯಾರಿಗೂ ಹೊಳೆಯಲಿಲ್ಲ. ನನಗೂ ಹೊಳೆಯಲಿಲ್ಲ, ಅದನ್ನು ಒಪ್ಪಿಕೊಳ್ಳಲೇಬೇಕು.

ಒಂದು ಭಾನುವಾರ ಅಮ್ಮನಿಗೆ ಹೊಲಿಗೆ ಯಂತ್ರದ ಸೂಜಿ ಕೊಡಲು ಬಂದವಳು ಹಾಗೇ ಶೆಡ್ಡಿಗೆ ಇಣುಕಿದಳು. ಬೆಂಚಿನ ಮೇಲೆ ವಿಮಾನ ಬೂದು ಬಣ್ಣ ಬಳಿದುಕೊಂಡು ಕೂತಿತ್ತು. ಚಿಕ್ಕಮ್ಮ ಒಂದು ಸುತ್ತು ಬಂದಳು, ಬಗ್ಗಿದಳು, ಎದ್ದಳು. ಹೊಗಳಿಕೆಗಾಗಿ ಕಾದಿದ್ದ ಅಪ್ಪ ಕೊನೆಗೆ ತಾನೇ ಕೇಳಿದ. “ಹೇಗಿದೆ?”

“ಮೈ ತುಂಬ ಚೆನ್ನಾಗಿದೆ ಭಾವ. ರೆಕ್ಕೆ ಯಾವ ವಿಮಾನದ್ದು?”

ಅಪ್ಪನ ಮುಖ ಸಪ್ಪಗಾಯಿತು. “ಅದರದ್ದೇ! ಇನ್ಯಾವುದರದ್ದು?”

“ಮುಂದಿನ ಅಂಚಲ್ಲಿ ಕೋರೆ ಇಲ್ವಲ್ಲ.”

ಅವಳು ಬೆರಳಿಟ್ಟು ತೋರಿಸಿದಳು. ಆ ವಿಮಾನದ ರೆಕ್ಕೆಯ ಮುಂದಿನ ಅಂಚು ಬುಡದಿಂದ ತುದಿಯವರೆಗೆ ಒಂದೇ ನೇರಕ್ಕೆ ಹೋಗುತ್ತಿರಲಿಲ್ಲವಂತೆ. ಅರ್ಧ ದಾಟಿದ ಮೇಲೆ ಒಂದು ಕಡೆ, ಗರಗಸದ ಒಂದೇ ಒಂದು ಹಲ್ಲಿನ ಹಾಗೆ, ನಾಲ್ಕು ಬೆರಳಗಲ ಮುಂದಕ್ಕೆ ಚಾಚಿಕೊಂಡಿರುತ್ತಿತ್ತಂತೆ.

ಅಪ್ಪ ನಕ್ಷೆ ಬಿಚ್ಚಿ ಹಾಸಿದ. “ಇಲ್ಲೆಲ್ಲಿದೆ ತೋರಿಸು. ನಕ್ಷೆ ಸುಳ್ಳು ಹೇಳುತ್ತಾ?”

“ಸುಳ್ಳಲ್ಲ ಭಾವ, ಹಳೇದು. ಮೊದಲ ತಂಡದ ವಿಮಾನಗಳ ನಕ್ಷೆ ಇದು. ಆಮೇಲೆ ಬಂದವಕ್ಕೆಲ್ಲ ಕೋರೆ ಇತ್ತು. ಆ ಮೂಲೆ ನನ್ನ ಹಣೆಗೆ ಎಷ್ಟು ಸಲ ಬಡಿದಿದೆ ಗೊತ್ತಾ? ಇಲ್ನೋಡಿ.” ಹುಬ್ಬಿನ ಮೇಲೆ ಅಕ್ಕಿಕಾಳಿನಷ್ಟು ಉದ್ದದ ಬಿಳಿ ಗುರುತು. ಅದು ಬಾಲ್ಯದಲ್ಲಿ ಬಿದ್ದ ಗಾಯವೆಂದೇ ನಾನು ಅಲ್ಲಿಯವರೆಗೆ ತಿಳಿದಿದ್ದೆ.

ಅಪ್ಪ ಒಪ್ಪಲಿಲ್ಲ, ಬೈಯಲೂ ಇಲ್ಲ. ಪ್ರಿನ್ಸಿಪಾಲರಿಗೆ ಫೋನ್ ಮಾಡಿದ. ಅವರು ಎರಡು ದಿನ ಕಪಾಟು ಜಾಲಾಡಿ ಹಳೆಯ ಫೋಟೋ ಒಂದನ್ನು ಕಳಿಸಿದರು. ಕೋರೆ ಇತ್ತು. ಅಪ್ಪ ಅಳೆದು ಲೆಕ್ಕ ಹಾಕಿ ನೋಡಿದ. ಚಿಕ್ಕಮ್ಮ ಬೆರಳಿಟ್ಟ ಜಾಗಕ್ಕೂ ಅದಕ್ಕೂ ಗೋಧಿಕಾಳಿನಷ್ಟೂ ವ್ಯತ್ಯಾಸವಿರಲಿಲ್ಲ. ಅವತ್ತೇ ರೆಕ್ಕೆಯ ಅಂಚು ಕತ್ತರಿಸಿ ಹೊಸ ಮರ ಕೂರಿಸಿದ. ಸಂಜೆ ನನ್ನನ್ನು ಕರೆದು ಹೇಳಿದ. “ನಾಳೆಯಿಂದ ಬರೋಕೆ ಹೇಳು ಅವಳಿಗೆ. ನಾಲ್ಕು ಗಂಟೆಗೆ. ಚಹಾ ಇಲ್ಲೇ ಕುಡೀಲಿ.”

ನಿಜವಾದ ಜಗಳ ಎದ್ದದ್ದು ಆಮೇಲೆ.

ಕೋರೆಯ ವಿಷಯದಲ್ಲಿ ಸೋತ ಅಪ್ಪ ರಿವೆಟ್ಟುಗಳಲ್ಲಿ ಗೆಲ್ಲಲು ಹೊರಟ. ಅಂಟಿನ ಸಣ್ಣ ಸಣ್ಣ ಹನಿಗಳನ್ನು ಸೂಜಿಮೊನೆಯಿಂದ ಸಾಲಾಗಿ ಇಟ್ಟು, ಒಣಗಿದ ಮೇಲೆ ಬಣ್ಣ ಹೊಡೆದರೆ ಅಚ್ಚು ರಿವೆಟ್ ತಲೆಯೇ. ಚಿಕ್ಕಮ್ಮ ಜ್ವರದಿಂದ ಮಲಗಿದ್ದ ಒಂದು ವಾರದಲ್ಲಿ ಎರಡೂ ರೆಕ್ಕೆಗಳ ಮೇಲೆ ನಾಲ್ಕು ಸಾವಿರಕ್ಕೂ ಹೆಚ್ಚು ಹನಿ ಇಟ್ಟ. ಕಣ್ಣು ಕೆಂಪಗಾಗಿ, ಕತ್ತು ಹಿಡಿದುಕೊಂಡು, ಅಮ್ಮನ ಕೈಯಲ್ಲಿ ಎಣ್ಣೆ ತಿಕ್ಕಿಸಿಕೊಳ್ಳುತ್ತ ಹೆಮ್ಮೆಯಿಂದ ಕಾದ.

ಚಿಕ್ಕಮ್ಮ ಬಂದಳು. ನೋಡಿದಳು. ಸ್ಟೂಲಿನ ಮೇಲೆ ಕೂತುಬಿಟ್ಟಳು.

“ಭಾವ, ಬೇಜಾರು ಮಾಡ್ಕೋಬೇಡಿ. ಮೇಲ್ಗಡೆ ಇರೋದನ್ನೆಲ್ಲ ಉಜ್ಜಿ ತೆಗೀಬೇಕು.”

“ಏನು?”

“ಮೇಲೆ ಒಂದು ರಿವೆಟ್ಟೂ ಕಾಣಬಾರದು. ಗಾಳಿ ಹರಿಯೋ ಜಾಗ ಅದು. ತಲೆ ತಗಡಿನ ಸಮಕ್ಕೆ ಕೂರ್ಬೇಕು. ಗುಂಡು ತಲೆ ಇರೋದು ಕೆಳಗೆ, ಹಿಂದಿನ ಭಾಗದಲ್ಲಿ ಮಾತ್ರ.”

“ರಿವೆಟ್ ಇಲ್ಲದ ರೆಕ್ಕೆ ನೋಡಿದ್ರೆ ಜನ ಏನಂತಾರೆ? ಕೆಲಸ ಕದ್ದ ಅಂತಾರೆ!” ಅಪ್ಪನ ದನಿ ಏರಿತು. “ಇಪ್ಪತ್ತೊಂಬತ್ತು ವರ್ಷ ರಿವೆಟ್ ಹೊಡೆದವಳು ನೀನು. ನೀನೇ ರಿವೆಟ್ ಬೇಡ ಅಂತೀಯಾ?”

ಚಿಕ್ಕಮ್ಮ ಎದ್ದು ಮನೆಗೆ ಹೋದಳು. ಮುನಿಸಿಕೊಂಡು ಹೋದಳೆಂದೇ ನಾವೆಲ್ಲ ಅಂದುಕೊಂಡೆವು. ಅಮ್ಮ ಅಪ್ಪನನ್ನು ದುರುಗುಟ್ಟಿ ನೋಡಿದಳು. ಹತ್ತು ನಿಮಿಷಕ್ಕೆ ಚಿಕ್ಕಮ್ಮ ವಾಪಸ್ಸು ಬಂದಳು, ಕೈಯಲ್ಲಿ ಅವಳ ಅಡುಗೆಮನೆಯ ಹಿಟ್ಟಿನ ಡಬ್ಬದ ಮುಚ್ಚಳ. ಬಿಳಿ ಬಣ್ಣ ಹೊಡೆದ, ಪುಸ್ತಕದಷ್ಟು ಅಗಲದ ತಗಡು. ಡಬ್ಬಕ್ಕೆ ಅದು ಸರಿಯಾದ ಜೋಡಿಯೂ ಅಲ್ಲ. ಅದನ್ನು ನಾವು ಅವಳ ಮನೆಯಲ್ಲಿ ಸಾವಿರ ಸಲ ಎತ್ತಿಟ್ಟಿದ್ದೇವೆ.

“ಇದರಲ್ಲಿ ಎಷ್ಟು ರಿವೆಟ್ ಇದೆ ಹೇಳಿ ಭಾವ.”

ಅಪ್ಪ ಕನ್ನಡಕ ಏರಿಸಿ ನೋಡಿದ, ಅಂಗೈ ಆಡಿಸಿದ. “ಇದರಲ್ಲೆಲ್ಲಿದೆ?”

“ಹಿಂದೆ ತಿರುಗಿಸಿ.”

ಹಿಂಬದಿಯಲ್ಲಿ ನಲವತ್ತು ಚಪ್ಪಟೆ ಬಾಲಗಳು, ನಾಲ್ಕು ಸಾಲಲ್ಲಿ ಹತ್ತು ಹತ್ತು, ದಾರ ಹಿಡಿದು ಇಟ್ಟಷ್ಟು ನೇರ. ಗನ್ನು ಕೈಗೆ ಸಿಗುವ ಮೊದಲು ಅವಳು ಪರೀಕ್ಷೆಗೆ ಮಾಡಿಕೊಟ್ಟ ತುಂಡು ಅದು. ಪಾಸಾದ ಮೇಲೆ ನೆನಪಿಗೆಂದು ಕೇಳಿ ತಂದುಕೊಂಡಿದ್ದಳು.

“ಹೊಡೆಯೋದು ಯಾರಿಗಾದ್ರೂ ಬರುತ್ತೆ ಭಾವ. ಕಾಣದ ಹಾಗೆ ಹೊಡೆಯೋಕೆ ನಾಲ್ಕು ವರ್ಷ ಬೇಕಾಯ್ತು ನನಗೆ” ಎಂದಳು. ಮೊದಲ ಸಲ ಅವಳ ದನಿ ಸಣ್ಣಗಿತ್ತು.

ಅಪ್ಪ ತಗಡನ್ನು ಮತ್ತೆ ಮತ್ತೆ ತಿರುಗಿಸಿ ನೋಡಿದ. ಉಗುರು ಓಡಿಸಿದ. ಎಲ್ಲೂ ತಡೆಯಲಿಲ್ಲ. ಆಮೇಲೆ ಡ್ರಾಯರ್ ಎಳೆದು ಉಪ್ಪುಕಾಗದ ತೆಗೆದು ಅರ್ಧ ಹರಿದು ಅವಳ ಕೈಗೆ ಕೊಟ್ಟ. “ಎಡಗಡೆ ನೀನು, ಬಲಗಡೆ ನಾನು.” ಮೂರು ಸಂಜೆ ಇಬ್ಬರೂ ಎದುರುಬದುರು ಕೂತು ಮೇಲಿನ ಹನಿಗಳನ್ನೆಲ್ಲ ಉಜ್ಜಿದರು. ಮುಂದಿನ ವಾರ ಕೆಳಗಿನ ಗುಂಡು ತಲೆಗಳನ್ನು ಚಿಕ್ಕಮ್ಮನೇ ಇಟ್ಟಳು, ಒಂದು ರೆಕ್ಕೆಗೆ ಹನ್ನೊಂದು ಸಾಲು.

ಅವಳು ಹೇಳಿದ್ದೆಲ್ಲ ಸರಿಯೇ ಎಂದಲ್ಲ. ರೆಕ್ಕೆಯ ತುದಿಯ ದೀಪಗಳಿಗೆ ಬಣ್ಣ ಹಚ್ಚುವಾಗ, ಹಸಿರು ಎಡಕ್ಕೆ, ಕೆಂಪು ಬಲಕ್ಕೆ ಎಂದು ಹಟ ಹಿಡಿದಳು. ನಕ್ಷೆಯಲ್ಲಿ ಎಡಕ್ಕೆ ಕೆಂಪು. ಅಪ್ಪ ಅವಳನ್ನು ಬೆಂಚಿನ ಕೆಳಗೆ ಅಂಗಾತ ಮಲಗಿಸಿ ರೆಕ್ಕೆ ತೋರಿಸಿದ ಮೇಲೆ ಗೊತ್ತಾಯಿತು. ಇಪ್ಪತ್ತೊಂಬತ್ತು ವರ್ಷವೂ ಅವಳು ವಿಮಾನವನ್ನು ಕೆಳಗೆ ಮಲಗಿಯೇ ನೋಡಿದ್ದು, ಎಡಬಲ ಅದಲುಬದಲಾಗಿ ಮನಸ್ಸಿನಲ್ಲಿ ಕೂತುಬಿಟ್ಟಿತ್ತು. ಅಪ್ಪ ಒಂದು ವಾರ ಇದನ್ನು ಹೇಳಿಕೊಂಡು ನಕ್ಕ. ಅವಳೂ ನಕ್ಕಳು, ಅವನಿಗಿಂತ ಜೋರಾಗಿ.

ಮಾದರಿಯನ್ನು ಹಜಾರದಲ್ಲಿಟ್ಟ ದಿನ ಹಳಬರನ್ನೆಲ್ಲ ಕರೆದಿದ್ದರು. ಅವರಲ್ಲಿ ಹಿಂದಿನ ಮುಖ್ಯ ತಪಾಸಣಾಧಿಕಾರಿಯೂ ಇದ್ದರು, ಎಂಬತ್ತೆರಡು ವರ್ಷ, ಊರುಗೋಲು. ತಪ್ಪು ರಿವೆಟ್ ಕಂಡರೆ ಮೇಣದ ಪೆನ್ಸಿಲ್ಲಿನಿಂದ ಅದರ ಸುತ್ತ ಗೆರೆ ಹಾಕುತ್ತಿದ್ದುದರಿಂದ ಅವರಿಗೆ ‘ಸೊನ್ನೆ ಸಾಹೇಬರು’ ಎಂದು ಹೆಸರು. ಒಂದು ಸೊನ್ನೆ ಬಿತ್ತೆಂದರೆ ಆ ರಿವೆಟ್ಟನ್ನು ಕೊರೆದು ತೆಗೆದು ಹೊಸದು ಹೊಡೆಯಬೇಕು. ಅವರನ್ನು ಕಂಡದ್ದೇ ಚಿಕ್ಕಮ್ಮ ಅಮ್ಮನ ಬೆನ್ನ ಹಿಂದೆ ಸರಿದಳು.

ಸಾಹೇಬರು ಮಾದರಿಯ ಸುತ್ತ ನಿಧಾನಕ್ಕೆ ನಡೆದರು. ಕೋರೆಯ ಹತ್ತಿರ ನಿಂತು ತಲೆ ಆಡಿಸಿದರು. ರೆಕ್ಕೆಯ ಮೇಲೆ ಬುಡದಿಂದ ತುದಿಯವರೆಗೆ ಉಗುರೆಳೆದರು.

“ಮೇಲೆ ರಿವೆಟ್ ಬೇಡ ಅಂತ ಯಾರು ಹೇಳಿದ್ದು?”

ಪ್ರಿನ್ಸಿಪಾಲರು ಗಾಬರಿಯಾಗಿ ಅಪ್ಪನ ಕಡೆ ನೋಡಿದರು. ಅಪ್ಪ ಅಮ್ಮನ ಬೆನ್ನ ಹಿಂದಿನಿಂದ ಚಿಕ್ಕಮ್ಮನ ಕೈ ಹಿಡಿದು ಮುಂದಕ್ಕೆ ತಂದ. “ಮರ ನಂದು ಸಾರ್. ರೆಕ್ಕೆ ಇವಳದು, ನನ್ನ ನಾದಿನಿ.”

ಸಾಹೇಬರು ಕಣ್ಣು ಕಿರಿದು ಮಾಡಿದರು. “ಇಲಿ ಅಲ್ವೇನಮ್ಮಾ ನೀನು?”

“ಹೌದು ಸಾರ್!” ಹಜಾರವೇ ತಿರುಗಿ ನೋಡಿತು. “ಕೆಳಗೆ ಹನ್ನೊಂದು ಸಾಲು ಗುಂಡು ತಲೆ ಇದೆ ಸಾರ್, ಎಣಿಸಿ ನೋಡಿ.”

“ನಾನ್ಯಾಕೆ ಎಣಿಸ್ಲಿ?” ಎಂದರು ಅವರು. ಆಮೇಲೆ ಸುತ್ತ ನಿಂತ ಎಲ್ಲರಿಗೂ ಕೇಳುವಂತೆ ಹೇಳಿದರು. “ಇವಳ ರೆಕ್ಕೆ ತಪಾಸಣೆಗೆ ಬಂದ ದಿನ ನನಗೆ ಪೆನ್ಸಿಲ್ ಜೇಬಿಂದ ತೆಗೆಯೋ ಕೆಲಸಾನೇ ಇರ್ತಿರಲಿಲ್ಲ. ಕೊನೆಯ ಹದಿನಾಲ್ಕು ವರ್ಷದಲ್ಲಿ ಒಂದೇ ಒಂದು ಸೊನ್ನೆ ಹಾಕಿದೀನಿ. ಅದೂ ಯಾರೋ ಕೊಟ್ಟ ಕೆಟ್ಟ ರಿವೆಟ್ಟು, ಇವಳ ತಪ್ಪಲ್ಲ. ಆಗ ಹೇಳಬೇಕಿತ್ತು. ಹೇಳಲಿಲ್ಲ.”

ಚಿಕ್ಕಮ್ಮ ಬೆನ್ನು ನೇರ ಮಾಡಿ ನಿಂತಳು. ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಪ್ಪ ಮಾತ್ರ, ಹೊಗಳಿಕೆ ತನಗೇ ಬಂದ ಹಾಗೆ, ಎದುರಿಗೆ ಸಿಕ್ಕವರಿಗೆಲ್ಲ ಹನ್ನೊಂದು ಸಾಲು ತೋರಿಸುತ್ತಿದ್ದ.

ಆ ವಾರವೇ ಪ್ರಿನ್ಸಿಪಾಲರು ಮನೆಗೆ ಬಂದು, ಹೊಸ ತಂಡಕ್ಕೆ ರಿವೆಟ್ ಕೆಲಸ ಕಲಿಸಲು ಬುಧವಾರ ಬುಧವಾರ ಬರುತ್ತೀರಾ ಎಂದು ಕೇಳಿದರು. ಚಿಕ್ಕಮ್ಮ ಒಂದೇ ಒಂದು ಷರತ್ತು ಹಾಕಿದಳು. ಕಲಿಯುವವರು ಮೊದಲ ತಿಂಗಳು ಗನ್ನು ಮುಟ್ಟಬಾರದು, ಬರೀ ಕಬ್ಬಿಣದ ಗಟ್ಟಿ ಹಿಡಿಯಬೇಕು.

ಮೊದಲ ಬುಧವಾರ ಅವಳನ್ನು ಸ್ಕೂಟರಿನಲ್ಲಿ ಬಿಟ್ಟು ಬಂದವಳು ನಾನೇ. ಗೇಟಿನ ಕಾವಲುಗಾರ ಹೊಸಬ. ರಿಜಿಸ್ಟರ್ ಮುಂದಿಟ್ಟು, ‘ಬಂದ ಉದ್ದೇಶ’ ಎಂಬ ಕಡೆ ಬೆರಳಿಟ್ಟು, “ಇಲ್ಲಿ ಏನು ಬರೀಲಿ ಅಮ್ಮಾ?” ಎಂದ.

“ರೆಕ್ಕೆ ಅಂತ ಬರಿ” ಎಂದಳು ಚಿಕ್ಕಮ್ಮ. ಅವನು ಬರೆದು ಮುಗಿಸುವವರೆಗೆ ನಿಂತು ನೋಡಿ, ಒಳಗೆ ನಡೆದಳು.