ಮೊದಲ ಸರದಿ ಬಿಟ್ಟುಕೊಟ್ಟ ವರ್ಷ

ಸರ್ಕಾರಿ ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಕಿಯಾಗಿದ್ದು ನಿವೃತ್ತಳಾದವಳು ನಾನು. ಮೊಣಕಾಲಿಗೆ ಎಣ್ಣೆ ತಿಕ್ಕಿಕೊಂಡು ಮನೆಯಲ್ಲಿ ಇರಬೇಕಾದ ವಯಸ್ಸು. ಅಷ್ಟರಲ್ಲಿ ಆಟದ ಹುಚ್ಚಿದ್ದ ನಾಲ್ವರು ವ್ಯಾಪಾರಸ್ಥರು ಸೇರಿ ದಾಂಡೇಲಿ, ಹಳಿಯಾಳ, ಜೊಯಿಡಾ, ಮುಂಡಗೋಡಗಳಿಗೆ ಒಂದೊಂದು ಹೆಣ್ಣುಮಕ್ಕಳ ಬಾಸ್ಕೆಟ್‌ಬಾಲ್ ತಂಡ ಕಟ್ಟಿದರು. ಜೊಯಿಡಾ ತಂಡಕ್ಕೆ ತರಬೇತಿ ಕೊಡಲು ನನ್ನನ್ನು ಕರೆದರು. ನಮ್ಮ ತಂಡದ ಮಾಲೀಕರು ಕಿರಾಣಿ ಅಂಗಡಿಯ ಶೇಟರು. ಆಟದ ನಿಯಮ ಅವರಿಗೆ ಇವತ್ತಿಗೂ ಪೂರ್ತಿ ತಿಳಿಯದು. ಆದರೆ ನಮ್ಮ ಹುಡುಗಿಯರು ಸೋತಾಗ ಅಂದಿನ ಊಟ ಬಿಡುವಂಥ ಮನುಷ್ಯ.

ಪಂದ್ಯಾವಳಿಗೆ ಒಂದು ನಿಯಮವಿತ್ತು. ತಂಡದ ಕಾಯಂ ಹುಡುಗಿಯರ ಜೊತೆಗೆ, ಹೆಸರು ಕೊಟ್ಟ ಬೇರೆ ಆಟಗಾರ್ತಿಯರನ್ನು ಮಾಲೀಕರು ಪ್ರತಿ ವರ್ಷ ಸರದಿಯಂತೆ ಒಬ್ಬೊಬ್ಬರನ್ನಾಗಿ, ಆ ವರ್ಷದ ಮಟ್ಟಿಗೆ ಮಾತ್ರ, ಆರಿಸಿಕೊಳ್ಳಬೇಕು. ಹಿಂದಿನ ವರ್ಷ ಕೊನೆಗೆ ಬಂದ ತಂಡಕ್ಕೆ ಮೊದಲ ಸರದಿ. ಮೊದಲ ವರ್ಷ ನಾವು ಒಂದು ಪಂದ್ಯವನ್ನೂ ಗೆಲ್ಲದ ಕಾರಣ ಎರಡನೆಯ ವರ್ಷದ ಮೊದಲ ಸರದಿ ನಮ್ಮದಾಯಿತು. ಆ ವರ್ಷ ಎಲ್ಲರ ಬಾಯಲ್ಲೂ ಒಂದೇ ಹುಡುಗಿಯ ಮಾತು. ಕುಂಬಾರವಾಡದ ಕಡೆಯವಳು, ಹಿಂದೆಂದೋ ಆಫ್ರಿಕಾದಿಂದ ಬಂದು ನೆಲೆಸಿದ ಸಿದ್ದಿ ಸಮುದಾಯದವಳು, ಕ್ರೀಡಾ ಹಾಸ್ಟೆಲಿನಲ್ಲಿ ಓದಿ ಊರಿಗೆ ಮರಳಿದ್ದಳು.

ಆರಿಸುವ ಮುನ್ನ ಒಮ್ಮೆ ಕಣ್ಣಾರೆ ನೋಡೋಣವೆಂದು ಬಸ್ಸು ಹಿಡಿದು ಹೋದೆ. ಆಕೆ ತಾಯಿಯ ಜೊತೆ ಗದ್ದೆಯಲ್ಲಿ ಭತ್ತದ ಹೊರೆ ಕಟ್ಟುತ್ತಿದ್ದಳು. ಕೈ ತೊಳೆದುಕೊಂಡು ಬಂದು ನನ್ನನ್ನು ಮನೆಯ ಹಿಂದಿನ ಕಣಕ್ಕೆ ಕರೆದೊಯ್ದಳು. ಅಲ್ಲಿ ಒಂದು ಕಂಬ, ಕಂಬಕ್ಕೆ ಹಳೆಯ ಪೀಪಾಯಿಯ ಕಬ್ಬಿಣದ ಪಟ್ಟಿಯನ್ನು ಬಾಗಿಸಿ ಮಾಡಿದ ರಿಂಗ್. ಹಿಂದೆ ಹಲಗೆಯೇ ಇಲ್ಲ. ಗುರಿ ತಪ್ಪಿದರೆ ಚೆಂಡು ಸೀದಾ ಇಳಿಜಾರಿನ ಪೊದೆಗೆ.

"ಹಲಗಿ ಇಲ್ದ ಹೆಂಗ ಕಲತಿ?" ಎಂದೆ.

"ತಪ್ಪಿದ್ರ ಕೆಳಗ ಇಳದು ಚೆಂಡ ತರಬೇಕಲ್ರಿ ಅಕ್ಕೋರ. ತರೂದು ಬ್ಯಾಸರ ಆತು, ತಪ್ಪೂದು ಬಿಟ್ಟೆ," ಎಂದು ನಕ್ಕಳು.

ಹತ್ತು ಬಾರಿ ಎಸೆದಳು. ಹತ್ತೂ ಬಾರಿ ಚೆಂಡು ರಿಂಗಿಗೆ ತಾಕದೆ ಇಳಿಯಿತು. ಅದು ದೊಡ್ಡದಲ್ಲ, ಅಂಥವರನ್ನು ನಾನು ನೋಡಿದ್ದೆ. ಆಮೇಲೆ ಆಕೆ, "ನೀವು ಓಡ್ರಿ," ಎಂದಳು. ಸೀರೆಯ ಸೆರಗು ಸಿಕ್ಕಿಸಿಕೊಂಡು ನಾನು ಓಡಿದೆ, ಓಡಿದೆ ಎನ್ನುವುದಕ್ಕಿಂತ ಬೇಗ ನಡೆದೆ. ಚೆಂಡು ಬರುತ್ತದೆಂದು ನನಗೆ ತಿಳಿದೇ ಇರಲಿಲ್ಲ. ಎರಡು ಹೆಜ್ಜೆ ಇಟ್ಟು ಸುಮ್ಮನೆ ಕೈ ಮುಂದೆ ಮಾಡಿದೆ, ಚೆಂಡು ಆ ಕೈಗೆ ಬಂದು ಕೂತಿತು. ಆಕೆ ನನ್ನ ಕಡೆ ನೋಡಿರಲಿಲ್ಲ. ಇನ್ನೊಮ್ಮೆ, ಮತ್ತೊಮ್ಮೆ. ನಾನು ಎಲ್ಲಿಗೆ ಹೋಗುತ್ತೇನೆಂದು ನನಗಿಂತ ಮೊದಲು ಆಕೆಗೆ ಗೊತ್ತಿತ್ತು. ನೆಲ ಏರುಪೇರು, ಚೆಂಡು ನೆಟ್ಟಗೆ ಪುಟಿಯದು, ಆದ್ದರಿಂದ ಚೆಂಡನ್ನು ಬೇರೆಯವರ ಕೈಗೆ ದಾಟಿಸುವುದನ್ನೇ ಆಕೆ ವರ್ಷಗಟ್ಟಲೆ ಕಲಿತಿದ್ದಳು. ಮೂವತ್ತು ವರ್ಷ ಮಕ್ಕಳಿಗೆ ಆಟ ಕಲಿಸಿದ ನಾನು ಕಣದ ನಡುವೆ ಚೆಂಡು ಹಿಡಿದು ನಿಂತುಬಿಟ್ಟೆ.

ಮರುದಿನ ಅಂಗಡಿಗೆ ಹೋಗಿ ಶೇಟರಿಗೆ ಎಲ್ಲ ಹೇಳಿದೆ. ಅವರು ಸಕ್ಕರೆ ಕಟ್ಟುತ್ತ ಕೇಳಿದರು. ಮುಖದಲ್ಲಿ ಗೆಲುವಿರಲಿಲ್ಲ.

"ದಾಂಡೇಲಿ ತಂಡದವ್ರು ನಿನ್ನೆ ಬಂದಿದ್ರು ಅಕ್ಕೋರ. ನಮ್ಮ ಮೊದಲನೇ ಸರದಿ ಅವರಿಗೆ ಬಿಟ್ಟುಕೊಟ್ರ, ಪಂದ್ಯಾವಳಿ ಮುಗಿಯೂ ತನಕ ನಮ್ಮ ಹುಡುಗ್ಯಾರನ್ನ ಮನಿಗೆ ಬಿಡಾಕ ಅವರ ಜೀಪು, ಡ್ರೈವರು, ಡೀಸೆಲ್ಲು. ಮ್ಯಾಲ ಎಲ್ಲಾ ಹುಡುಗ್ಯಾರಿಗೂ ಬೂಟು."

"ಖರ್ಚು ಉಳಸಾಕ ಆ ಹುಡುಗಿನ್ನ ಮಾರತೀರೇನ್ರಿ?" ನನ್ನ ದನಿ ಏರಿತು. ಅಂಗಡಿಗೆ ಬಂದವರು ತಿರುಗಿ ನೋಡಿದರು.

ಶೇಟರು ಸಿಟ್ಟಾಗಲಿಲ್ಲ. "ಹೋದ ವರ್ಷದ ಖರ್ಚೆಲ್ಲಾ ನನ್ನ ಅಂಗಡಿಯಿಂದನ ಹೋಗೇತಿ. ಈ ವರ್ಷ ಅಷ್ಟು ಆಗಂಗಿಲ್ಲ. ಒಬ್ಬಾಕಿನ್ನ ತಂದು ಉಳದಾವ್ರನ್ನ ಕಾಡ ಹಾದ್ಯಾಗ ನಡಸೂದೇನು? ನೀವ ಹೇಳ್ರಿ, ನೀವು ಹೇಳಿದಂಗ ಮಾಡ್ತೇನಿ."

ಆ ಮಾತು ನನ್ನನ್ನು ಕಟ್ಟಿಹಾಕಿತು. ನಮ್ಮ ಹುಡುಗಿಯರು ಅಭ್ಯಾಸದ ನಡುವೆ ಕಣ್ಣು ಗಡಿಯಾರದ ಮೇಲಿಟ್ಟು ಆಡುವುದನ್ನು ನಾನು ದಿನವೂ ನೋಡುತ್ತಿದ್ದೆ. ಸಂಜೆಯ ಬಸ್ಸು ತಪ್ಪಿದರೆ ಕಾಡಿನ ಹಾದಿಯಲ್ಲಿ ನಡೆಯಬೇಕು. ಹಿಂದಿನ ವರ್ಷ ಇಬ್ಬರು ಅದೇ ಕಾರಣಕ್ಕೆ ಆಟ ಬಿಟ್ಟಿದ್ದರು.  ಕೊನೆಗೆ, "ಜೀಪ್ ತಗೋರಿ," ಎಂದೆ.

ಆಯ್ಕೆ ನಡೆದದ್ದು ಹಳಿಯಾಳದಲ್ಲಿ. ಆಟಗಾರ್ತಿಯರೆಲ್ಲ ಹಿಂದಿನ ಸಾಲುಗಳಲ್ಲಿ ಕೂತಿದ್ದರು. ಶೇಟರು ಎದ್ದು, ನಮ್ಮ ಮೊದಲ ಸರದಿ ದಾಂಡೇಲಿಗೆ ಎಂದು ಹೇಳಿ ಕೂತರು. ದಾಂಡೇಲಿಯ ಮಾಲೀಕರು ಕುಂಬಾರವಾಡದ ಹುಡುಗಿಯ ಹೆಸರು ಹೇಳಿದರು. "ಅವರ ರಕ್ತದಾಗ ಐತಿ ಬಿಡ್ರಿ ಆಟ," ಎಂದು ಪಕ್ಕದವರಿಗೆ ಹೇಳಿದ್ದು ಎಲ್ಲರಿಗೂ ಕೇಳಿಸಿತು. ಆಕೆ ಎದ್ದು ನಿಂತಳು.

"ರಕ್ತದಾಗ ಇಲ್ರಿ ಸಾವ್ಕಾರ್ರ. ಹಾಸ್ಟೆಲಿನ್ಯಾಗ ದಿನಾ ಮುಂಜಾನೆ ಐದಕ್ಕ ಎದ್ದು ಕಲತದ್ದು."

 ಕೂರುವ ಮೊದಲು ಆಕೆ ಒಮ್ಮೆ ನನ್ನ ಕಡೆ ನೋಡಿದಳು. ನಾನು ತಲೆ ತಗ್ಗಿಸಿದೆ.

ಜೀಪು ಬಂತು. ಅದರಿಂದ ಒಳ್ಳೆಯದಾಗಲಿಲ್ಲ ಎಂದು ಸುಳ್ಳು ಹೇಳಲಾರೆ. ಹುಡುಗಿಯರು ಗಡಿಯಾರ ನೋಡುವುದನ್ನು ಬಿಟ್ಟರು. ಆಟ ಬಿಟ್ಟ ಇಬ್ಬರಲ್ಲಿ ಒಬ್ಬಳು ತಿರುಗಿ ಬಂದಳು. ಮುಂಡಗೋಡ ತಂಡವನ್ನು ಅವರ ಊರಿನಲ್ಲೇ ಸೋಲಿಸಿದಾಗ ಶೇಟರು ಅಲ್ಲಿದ್ದವರಿಗೆಲ್ಲ ಚಹಾ ಕುಡಿಸಿದರು.

ಆಮೇಲೆ ದಾಂಡೇಲಿಯಲ್ಲಿ ಪಂದ್ಯ. ಪೇಪರ್ ಮಿಲ್ಲಿನ ಮೊದಲ ಪಾಳಿ ಬಿಟ್ಟ ಹೊತ್ತು. ಕೆಲಸದವರು ಊಟದ ಡಬ್ಬಿ ಹಿಡಿದುಕೊಂಡೇ ಮೈದಾನದ ಸುತ್ತ ನಿಂತಿದ್ದರು. ಮೂರನೆಯ ಕ್ವಾರ್ಟರಿನವರೆಗೂ ನಾವೇ ಮುಂದಿದ್ದೆವು. ಕುಂಬಾರವಾಡದ ಹುಡುಗಿಯ ಮೇಲೆ ಇಬ್ಬರನ್ನು ಕಾವಲಿಟ್ಟಿದ್ದೆ. ಕೊನೆಯ ಕ್ವಾರ್ಟರಿನಲ್ಲಿ ಆಕೆ ರಿಂಗಿಗೆ ಎಸೆಯುವುದನ್ನೇ ನಿಲ್ಲಿಸಿದಳು. ಚೆಂಡು ಕೈಗೆ ಬಂದೊಡನೆ ಹೋಗಿಬಿಡುತ್ತಿತ್ತು, ಬೆನ್ನ ಹಿಂದಿನಿಂದ, ನಮ್ಮವರ ತೋಳಿನ ಕೆಳಗಿನಿಂದ. ಅವರ ತಂಡದಲ್ಲಿ ತೀರ ಸಾಧಾರಣ ಆಟದ ಗಿಡ್ಡ ಹುಡುಗಿಯೊಬ್ಬಳಿದ್ದಳು. ಈ ಹುಡುಗಿಯನ್ನು ಯಾರೂ ಕಾಯುತ್ತಿರಲಿಲ್ಲ. ಚೆಂಡು ಮತ್ತೆ ಮತ್ತೆ ಆ ಗಿಡ್ಡ ಹುಡುಗಿಯ ಕೈಯಲ್ಲೇ ಪ್ರತ್ಯಕ್ಷವಾಯಿತು, ಅದೂ ರಿಂಗಿನ ಬುಡದಲ್ಲಿ. ಆ ಹುಡುಗಿಗೇ ನಂಬಿಕೆಯಿಲ್ಲ. ಹಾಕಿದಳು, ಬಿತ್ತು. ಮತ್ತೆ ಹಾಕಿದಳು. ಆ ಹುಡುಗಿಯ ಮುಖ ಅರಳುವುದನ್ನು ನೋಡುತ್ತ ನಾನು ನನ್ನ ತಂಡಕ್ಕೆ ಕೂಗಿ ಹೇಳಬೇಕಾದದ್ದನ್ನೇ ಮರೆತೆ. ಬೆಂಚಿನಲ್ಲಿದ್ದ ನಮ್ಮ ಹುಡುಗಿಯರೂ ಎದ್ದು ನಿಂತು ನೋಡುತ್ತಿದ್ದರು.  ಐದು ಅಂಕಗಳಿಂದ ಸೋತೆವು.

ಪಂದ್ಯ ಮುಗಿದ ಮೇಲೆ ಕುಂಬಾರವಾಡದ ಹುಡುಗಿ ನಳದ ಹತ್ತಿರ ಮುಖ ತೊಳೆಯುತ್ತಿದ್ದಳು. ಹೋಗಿ ನಿಂತೆ.

"ಅವತ್ತು ಜೀಪ್ ತಗೋರಿ ಅಂತ ಹೇಳಿದಾಕಿ ನಾನ," ಎಂದೆ. "ಶೇಟ್ರದೇನೂ ತಪ್ಪಿಲ್ಲ."

ಆಕೆ ಮುಖ ಒರೆಸಿಕೊಂಡಳು. "ನನ್ನ ಕೇಳಿದ್ರ ನಾನೂ ಜೀಪ್ ತಗೋರಿ ಅಂತಿದ್ದೆ ಅಕ್ಕೋರ. ಆ ಹಾದಿ ನಾನೂ ನಡದೇನಿ. ಆದ್ರ ಕೇಳಬೇಕಿತ್ತಲ್ರಿ. ಮನಿಗೆ ಬಂದ್ರಿ, ಅವ್ವನ ಕೈಯಾಗ ಚಾ ಕುಡದ್ರಿ, ಚೆಂಡ ಹಿಡದ್ರಿ. ಒಂದ ಮಾತ ಕೇಳಲಿಲ್ಲ."

 "ತಪ್ಪಾತವ್ವ," ಎಂದೆ. ಶಿಷ್ಯೆಯ ವಯಸ್ಸಿನವಳಿಗೆ ಹಾಗೆ ಹೇಳಿದ್ದು ಬದುಕಿನಲ್ಲಿ ಅದೇ ಮೊದಲು. ಆಕೆ ತಲೆಯಾಡಿಸಿ, ಒದ್ದೆ ಕೈಯಿಂದಲೇ ನನ್ನ ಕೈ ಹಿಡಿದು ಬಿಟ್ಟಳು.

ಆ ವರ್ಷ ನಾವು ಮೂರನೆಯವರಾದೆವು. ಸರದಿ ಬಿಟ್ಟುಕೊಟ್ಟದ್ದು ಸರಿಯೆಂದು ಶೇಟರು ಇವತ್ತಿಗೂ ಹೇಳುತ್ತಾರೆ, ಲೆಕ್ಕಕ್ಕೆ ಅವರು ಹೇಳುವುದು ನಿಜ. ನಾನು ವಾದ ಮಾಡುವುದಿಲ್ಲ. ಆದರೆ ಮಾಲೀಕರ ಸಭೆಗೆ ಹೋಗಿ ಹಟ ಹಿಡಿದು ಕೂತೆ: ಯಾವ ಆಟಗಾರ್ತಿಯ ಹೆಸರು ಹೇಳುವ ಮೊದಲೂ ಅವಳ ಒಪ್ಪಿಗೆ ಕೇಳಬೇಕು. ಹಳಿಯಾಳದವರು ಗೊಣಗಿದರು, ಕೊನೆಗೆ ಎಲ್ಲರೂ ಒಪ್ಪಿದರು.

ಈ ವರ್ಷ ಮೊದಲ ಸರದಿ ಕೊನೆಗೆ ಬಂದ ಮುಂಡಗೋಡದ್ದು. ಅವರ ಮಾಲೀಕರು ಎದ್ದು ನಿಂತು, ಕುಂಬಾರವಾಡದ ಹುಡುಗಿಯ ಕಡೆ ತಿರುಗಿ, "ನಮ್ಮ ತಂಡಕ್ಕ ಬರ್ತೀಯೇನವ್ವ?" ಎಂದು ಕೇಳಿದರು.

"ಸುಗ್ಗಿ ಮುಗಿಯೂ ತನಕ ಅಭ್ಯಾಸಕ್ಕ ಬರಂಗಿಲ್ರಿ. ಅದಕ್ಕ ಹೂಂ ಅಂದ್ರ ಬರ್ತೇನಿ."

ಅವರು ಹೂಂ ಎಂದರು. ಈಗ ನಮ್ಮ ಹುಡುಗಿಯರಿಗೆ ದಿನವೂ ಒಂದೇ ಪಾಠ ಹೇಳುತ್ತಿದ್ದೇನೆ. ಮುಂಡಗೋಡದ ಮೇಲೆ ಆಡುವಾಗ ಆಕೆಯನ್ನು ನೋಡುತ್ತ ನಿಲ್ಲಬೇಡಿ, ನಿಮ್ಮ ಪಾಲಿಗೆ ಬಂದವಳನ್ನು ಕಾಯಿರಿ ಎಂದು. ಹೂಂ ಅಕ್ಕೋರ ಎನ್ನುತ್ತಾರೆ. ನಾನಂತೂ ನೋಡದೆ ಇರಲಾರೆ.